ಹಳೇ ಫೋಟೋ ತೆಗೆದ ಜಾಗದಲ್ಲೇ ನಿಂತು ಇನ್ನೊಂದು ತೆಗೆಯುವುದು ಹೇಗೆ

ಅಪ್ಪ ಕಾರವಾರದ ಕೋಡಿಬಾಗದ ದಡದಿಂದ ತೆಗೆದ ಒಂದು ಫೋಟೋ ನಮ್ಮ ಮನೆಯಲ್ಲಿದೆ. ಮುಂದೆ ಒಂದು ಕರಿಬಂಡೆ, ನಡುವೆ ಕಾಳಿ ನದಿ, ಅದರ ಮೇಲೆ ಹಳೇ ಸೇತುವೆ, ಆಚೆ ಸದಾಶಿವಗಡದ ಗುಡ್ಡ. ಹಿಂದೆ ಬಾಲ್‌ಪೆನ್ನಲ್ಲಿ 'ಕಾಳಿ, 96' ಅಂತ ಬರೆದಿದ್ದಾರೆ, ಅಷ್ಟೇ. 2024ರ ಆಗಸ್ಟ್ 7ರ ನಸುಕಿನಲ್ಲಿ ಆ ಸೇತುವೆ ಕುಸಿಯಿತು. ಮಳೆಗಾಲ ಮುಗಿದ ಮೇಲೆ ನಾನು ಅದೇ ಜಾಗ ಹುಡುಕಿಕೊಂಡು ಹೋದೆ.

ಮೊದಲು ಫೋಟೋ ಆರಿಸಿ. ಅದರಲ್ಲಿ ಹತ್ತಿರದ್ದೊಂದು, ದೂರದ್ದೊಂದು, ಅಲುಗಾಡದ ವಸ್ತು ಇರಬೇಕು. ಬಂಡೆ, ಗುಡ್ಡದ ಏಣು, ದೇವಸ್ಥಾನ ಆಗುತ್ತದೆ. ಬೀಚಿನ ಮರಳನ್ನು ನಂಬಬೇಡಿ. ಮಳೆಗಾಲದಲ್ಲಿ ಕೊಚ್ಚಿಹೋಗಿ ಆಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಮೂಲ ಪ್ರಿಂಟನ್ನು ಉಪ್ಪುಗಾಳಿಗೆ ಒಯ್ಯಬೇಡಿ, ಮೊಬೈಲಲ್ಲಿ ಅದರ ಕಾಪಿ ಸಾಕು.

ಈಗ ನಿಲ್ಲುವ ಜಾಗ. ಎಲ್ಲಾ ಕೆಲಸ ಇರುವುದು ಇಲ್ಲೇ. ಅಪ್ಪನ ಫೋಟೋದಲ್ಲಿ ಬಂಡೆಯ ಎಡತುದಿ ಗುಡ್ಡದ ಏಣಿನಲ್ಲಿರುವ ಒಂದು ತಗ್ಗಿನ ನೇರ ಕೆಳಗೆ ಬಂದಿತ್ತು. ನಾನು ನಿಂತಲ್ಲಿಂದ ನೋಡಿದರೆ ಅದು ತುಂಬಾ ಎಡಕ್ಕಿತ್ತು. ಬಂಡೆ ಯಾವ ಕಡೆ ಸರಿದು ಕಾಣುತ್ತದೋ ನೀವೂ ಅದೇ ಕಡೆ ಸರಿಯಿರಿ, ಎರಡೂ ಒಂದೇ ಗೆರೆಗೆ ಬರುತ್ತವೆ. ಗುಡ್ಡಕ್ಕೆ ಹೋಲಿಸಿದರೆ ಬಂಡೆ ಜಾಸ್ತಿ ದೊಡ್ಡದಾಗಿದೆಯಾ? ಹಿಂದೆ ಹೋಗಿ. ಸುಮ್ನೆ ಝೂಮ್ ಮಾಡಬೇಡಿ, ಝೂಮ್ ಮಾಡಿದರೆ ಎರಡೂ ಒಟ್ಟಿಗೇ ದೊಡ್ಡದಾಗುತ್ತವೆ, ಅವುಗಳ ಅಳತೆಯ ಸಂಬಂಧ ಸರಿಹೋಗುವುದಿಲ್ಲ. ಇಷ್ಟಾದರೂ ನನ್ನದರಲ್ಲಿ ಬಂಡೆ ಮೇಲೆದ್ದು ಅರ್ಧ ನೀರನ್ನೇ ಮುಚ್ಚುತ್ತಿತ್ತು. ಆಮೇಲೆ ಹೊಳೆಯಿತು: ಅಪ್ಪನ ರೀಲ್ ಕ್ಯಾಮೆರಾ ಕಣ್ಣಿಗೆ ಒತ್ತಿ ಹಿಡಿಯುವಂಥದ್ದು, ನಾನು ಮೊಬೈಲನ್ನು ಎದೆ ಹತ್ತಿರ ಹಿಡಿದಿದ್ದೆ. ಕಣ್ಣಿನ ಎತ್ತರಕ್ಕೆ ಏರಿಸಿದ ಕೂಡಲೇ ಬಂಡೆ ತನ್ನ ಜಾಗದಲ್ಲಿ ಕೂತಿತು. ಒಂದು ಕ್ಷಣ ಅಪ್ಪ ನಿಂತಲ್ಲೇ ನಿಂತಿದ್ದೇನೆ ಅನ್ನಿಸಿ ಗಂಟಲು ಕಟ್ಟಿತು.

ಸ್ವಲ್ಪ ಅಗಲವಾಗಿಯೇ ತೆಗೆಯಿರಿ, ಅಂಚನ್ನು ಮನೆಯಲ್ಲಿ ಕತ್ತರಿಸಬಹುದು.

ಹೊತ್ತೂ ಮುಖ್ಯ. ಹಳೇ ಫೋಟೋದಲ್ಲಿ ನೆರಳು ಯಾವ ಕಡೆ ಬಿದ್ದಿದೆ, ಬಂಡೆ ಮೇಲೆ ಒದ್ದೆ ಎಲ್ಲಿವರೆಗಿದೆ ನೋಡಿ. ಭರತ, ಅಂದರೆ ಸಮುದ್ರದ ನೀರಿನ ಏರಿಕೆ, ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಹಾಗಾಗಿ ನಾಲ್ಕೈದು ದಿನ ಕಾದರೆ ನಿಮಗೆ ಬೇಕಾದ ಹೊತ್ತಿಗೆ ನೀರು ಬೇರೆ ಮಟ್ಟದಲ್ಲಿರುತ್ತದೆ. ಘಟ್ಟದ ಮೇಲಿನವರಿಗೆ ತಿಂಗಳು ಇನ್ನೂ ಮುಖ್ಯ. ಆಗಸ್ಟಿನ ಉಂಚಳ್ಳಿ ಜಲಪಾತವನ್ನು ಏಪ್ರಿಲಿನದರ ಪಕ್ಕ ಇಟ್ಟರೆ ಕಾಣುವುದು ಮಳೆ ಮಾತ್ರ, ಅಲ್ವಾ? ಹಾಂ, ಅರ್ಗಾ ಕಡೆ ನೌಕಾನೆಲೆ ಇದೆ, ಅಲ್ಲಿ ಕ್ಯಾಮೆರಾ ತೆಗೆಯಲೇಬೇಡಿ.

ಹಳೇ ಪ್ರಿಂಟನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಆರಿಸಿ ತೆಗೆಯಿರಿ. ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಅರ್ಧ ಪಾರದರ್ಶಕ ಮಾಡಿ, ಗುಡ್ಡದ ಏಣನ್ನು ಏಣಿಗೆ ಕೂಡಿಸಿ. ಕೆಂಪಾದ ಹಳೇ ಬಣ್ಣವನ್ನು ಹೊಸದರಂತೆ ತಿದ್ದಲು ಹೋಗಬೇಡಿ.

ಪ್ರಿಂಟ್ ಹಾಕಿಸಿದ ಮೇಲೆ ಹಿಂದೆ ತಾರೀಖು, ಹೊತ್ತು ಬರೆಯಿರಿ. ನಿಂತ ಜಾಗವನ್ನೂ ಬರೆಯಿರಿ. ನಾನು ಬರೆದದ್ದು ಹೀಗೆ: 'ಕೋಡಿಬಾಗ. ಬಂಡೆಯ ಎಡತುದಿ ಗುಡ್ಡದ ತಗ್ಗಿನ ಕೆಳಗೆ. ಕ್ಯಾಮೆರಾ ಕಣ್ಣಿನ ಎತ್ತರಕ್ಕೆ.'