ದಸ್ತಗಿರಿ ಮೊದಲೋ, ಹೇಳಿಕೆ ಮೊದಲೋ: ಪಾಸ್ಟ್ ಪರ್ಫೆಕ್ಟ್ ಬಳಕೆಯಲ್ಲಿ ನನ್ನ ಅನುಭವ

ವಿಚಾರಣಾ ನ್ಯಾಯಾಲಯದಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯ, ಮಹಜರು (ಪಂಚರ ಮುಂದೆ ಬರೆಯುವ ಸ್ಥಳ ಅಥವಾ ಜಪ್ತಿಯ ವರದಿ), ರಿಮ್ಯಾಂಡ್ ಅರ್ಜಿಗಳನ್ನು (ಆರೋಪಿಯನ್ನು ವಶದಲ್ಲಿಡಲು ಕೋರುವ ಅರ್ಜಿ) ಹೈಕೋರ್ಟಿನ ಮೇಲ್ಮನವಿಗಾಗಿ ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಈ ಕಾಗದಗಳಲ್ಲಿ ನಾನು ಅತಿ ಎಚ್ಚರದಿಂದ ಬರೆಯುವ ಕ್ರಿಯಾಪದ ‘ಅರೆಸ್ಟ್’. ಸಂವಿಧಾನದ 22(2)ನೇ ವಿಧಿಯಂತೆ ದಸ್ತಗಿರಿಯಾದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆದ್ದರಿಂದ ಘಟನೆಗಳ ಹಿಂದುಮುಂದು ಅನುವಾದದಲ್ಲಿ ಅದಲುಬದಲಾಗಕೂಡದು. ಹಿಂದೆ ನಡೆದ ಒಂದು ಘಟನೆಯ ಹೊತ್ತಿಗೆ ಇನ್ನೊಂದು ಆಗಲೇ ಮುಗಿದಿತ್ತು ಎಂದು ತೋರಿಸುವ ಇಂಗ್ಲಿಷಿನ ‘ಹ್ಯಾಡ್’ ರೂಪವೇ ಪಾಸ್ಟ್ ಪರ್ಫೆಕ್ಟ್.

ಮಹಜರುಗಳಲ್ಲಿ ಇಂಥ ವಾಕ್ಯ ಸಾಮಾನ್ಯ: ‘ಆರೋಪಿಯನ್ನು ದಸ್ತಗಿರಿ ಮಾಡಿದ್ದು, ಆತನ ಹೇಳಿಕೆಯ ಮೇರೆಗೆ ಮಚ್ಚನ್ನು ಜಪ್ತಿ ಮಾಡಲಾಗಿದೆ.’ ಇದನ್ನು ‘ವೆನ್ ಹಿ ಗೇವ್ ದ ಸ್ಟೇಟ್‌ಮೆಂಟ್, ದ ಪೊಲೀಸ್ ಅರೆಸ್ಟೆಡ್ ಹಿಮ್’ ಎಂದು ಬರೆದರೆ, ಹೇಳಿಕೆ ಕೊಟ್ಟ ಮೇಲೆ ಹಿಡಿದರು ಎಂದಾಗುತ್ತದೆ. ‘ಹ್ಯಾಡ್ ಅರೆಸ್ಟೆಡ್ ಹಿಮ್’ ಎಂದರೆ ಮಾತ್ರ, ಹೇಳಿಕೆಯ ಹೊತ್ತಿಗೆ ದಸ್ತಗಿರಿ ಮುಗಿದಿತ್ತು ಎಂಬುದು ಉಳಿಯುತ್ತದೆ. ಹಿಂದಿನ ಸಾಕ್ಷ್ಯ ಅಧಿನಿಯಮದ 27ನೇ ಕಲಮು, ಅಂದರೆ ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪರಂತುಕ (ವಶದಲ್ಲಿರುವ ಆರೋಪಿಯ ಹೇಳಿಕೆಯಿಂದ ಏನಾದರೂ ಪತ್ತೆಯಾದರೆ ಆ ಭಾಗವನ್ನು ಸಾಕ್ಷ್ಯವಾಗಿ ಒಪ್ಪುವ ವಿನಾಯಿತಿ), ಹೇಳಿಕೆ ಕೊಟ್ಟವನು ಆಗ ಪೊಲೀಸರ ವಶದಲ್ಲಿದ್ದನೇ ಎಂದು ನೋಡುವುದರಿಂದ ವಕೀಲರು ಮೊದಲು ಕಣ್ಣಿಡುವುದು ಇಲ್ಲಿಯೇ. ದಸ್ತಗಿರಿ ಮಾಡಿದವರು ಯಾರೆಂದು ಮೂಲದಲ್ಲಿ ಇಲ್ಲದಿದ್ದರೆ ನಾನು ‘ದ ಪೊಲೀಸ್’ ಎಂದು ಸೇರಿಸುವುದಿಲ್ಲ. ‘ಹಿ ಹ್ಯಾಡ್ ಬೀನ್ ಅರೆಸ್ಟೆಡ್’ ಎಂದು ಬರೆಯುತ್ತೇನೆ.

ಕನ್ನಡದಲ್ಲಿ ‘ಇದ್ದರು’, ‘ಇತ್ತು’ ಕಂಡಲ್ಲೆಲ್ಲ ‘ಹ್ಯಾಡ್’ ಹಾಕುವ ರೂಢಿ ಹಲವು ಅನುವಾದಗಳಲ್ಲಿದೆ, ಅದು ಸರಿಯಲ್ಲ. ಸಾಕ್ಷಿಯು ‘ಆ ದಿನ ನಾನು ಠಾಣೆಗೆ ಹೋಗಿದ್ದೆ, ನನ್ನ ತಮ್ಮನನ್ನು ದಸ್ತಗಿರಿ ಮಾಡಿದ್ದರು’ ಎಂದಾಗ, ಹೋದದ್ದಕ್ಕೆ ‘ವೆಂಟ್’ ಸಾಕು. ತಾನು ಹೋಗುವ ವೇಳೆಗೆ ತಮ್ಮ ಆಗಲೇ ಠಾಣೆಯಲ್ಲಿದ್ದ ಎಂಬುದು ಮುಂದಿನ ಮಾತಿನಿಂದ ತಿಳಿದರೆ ದಸ್ತಗಿರಿಗೆ ಮಾತ್ರ ‘ಹ್ಯಾಡ್’ ಬೇಕು. ಬರಿಯ ದಿನಾಂಕವಿದ್ದು ಅನಂತರದ ಬೇರೆ ಘಟನೆ ಇಲ್ಲದ ಕಡೆ ‘ವಾಸ್ ಅರೆಸ್ಟೆಡ್’ ಎಂದೇ ಇರಬೇಕು.

‘ಆಫ್ಟರ್’, ‘ಬಿಫೋರ್’ ಬಂದಾಗ ಕ್ರಮ ಅವುಗಳಿಂದಲೇ ಗೊತ್ತಾಗುವುದರಿಂದ ವ್ಯಾಕರಣ ಸಾದಾ ಭೂತಕಾಲವನ್ನೂ ಒಪ್ಪುತ್ತದೆ. ಆದರೂ ರಿಮ್ಯಾಂಡ್ ಕಾಗದಗಳಲ್ಲಿ ನಾನು ‘ಹ್ಯಾಡ್’ ಉಳಿಸುತ್ತೇನೆ. ದಸ್ತಗಿರಿ ಮೆಮೊದಲ್ಲಿರುವ ವೇಳೆಯನ್ನು ಕರಡಿನ ಅಂಚಿನಲ್ಲಿ ಗುರುತಿಸಿಕೊಂಡು, ಇಂಗ್ಲಿಷ್ ವಾಕ್ಯವನ್ನು ಅದರೊಂದಿಗೆ ತಾಳೆ ನೋಡುತ್ತೇನೆ. ಮೂಲದಲ್ಲೇ ವೇಳೆ ಅಸ್ಪಷ್ಟವಾಗಿದ್ದರೆ ಆ ಅಸ್ಪಷ್ಟತೆಯನ್ನು ಹಾಗೆಯೇ ಬಿಟ್ಟು, ಅದನ್ನು ವಕೀಲರ ಗಮನಕ್ಕೆ ಪ್ರತ್ಯೇಕವಾಗಿ ಬರೆದು ತಿಳಿಸುತ್ತೇನೆ.