ತಲೆ ಸವೆದ ಸ್ಕ್ರೂ, ಬಿಡದ ಡಿಸ್ಕ್

ಕಾರಿನ ಮುಂದಿನ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ, ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಬದಲಿಸುವುದು ದೊಡ್ಡ ಕೆಲಸವೇನಲ್ಲ, ಸ್ಕ್ರೂ ಬಿಟ್ಟರೆ. ಬಿಡದಿದ್ದರೆ ಅರ್ಧ ದಿನ ಅಲ್ಲೇ ಕೂರಬೇಕು. ಸುರತ್ಕಲ್‌ನಲ್ಲಿ ಸಮುದ್ರದ ಗಾಳಿಗೆ ಮುಖ ಕೊಟ್ಟು ನಿಲ್ಲುವ ನಮ್ಮ ಭಾವನ ಹಳೆಯ ಹೋಂಡಾ ಸಿಟಿಯ ಕೆಲಸ ಈ ಎರಡನೆಯ ಥರದ್ದು. ಡಿಸ್ಕ್‌ನ ಮಧ್ಯ ಸವೆದು ಅಂಚು ಎದ್ದು ನಿಂತಿತ್ತು. ಎಷ್ಟು ದಪ್ಪಕ್ಕೆ ಇಳಿದರೆ ಬದಲಿಸಬೇಕು ಅನ್ನುವುದನ್ನು ಡಿಸ್ಕ್ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅಂಚು ತಪ್ಪಿಸಿ ಅಳೆದರೆ ಅದಕ್ಕಿಂತಲೂ ಕಡಿಮೆ ಇತ್ತು.

ಹೋಂಡಾದಲ್ಲಿ ಡಿಸ್ಕನ್ನು, ಚಕ್ರ ಕೂರುವ ತಿರುಗುವ ಭಾಗವಾದ ಹಬ್‌ಗೆ ಎರಡು ಸಣ್ಣ ಸ್ಕ್ರೂ ಹಿಡಿದಿರುತ್ತವೆ. 6 ಎಂಎಂ ಸ್ಕ್ರೂ, ಆಲಿಕೆಯ ಬಾಯಿಯಂತೆ ಇಳಿಜಾರಾದ ತಲೆ, ತಲೆಯಲ್ಲಿ ಪ್ಲಸ್ ಗುರುತು. ಬಿಗಿಯಬೇಕಾದದ್ದು ಬರೀ 10 ನ್ಯೂಟನ್ ಮೀಟರ್ ಅಷ್ಟೇ. ಚಕ್ರದ ನಟ್‌ಗೆ 108 ಬೇಕು ಅಂದರೆ ಲೆಕ್ಕ ಹಾಕಿ. ಡಿಸ್ಕನ್ನು ನಿಜವಾಗಿ ಒತ್ತಿ ಹಿಡಿಯುವುದು ಚಕ್ರ ಮತ್ತು ಅದರ ನಟ್‌ಗಳು. ಈ ಸ್ಕ್ರೂಗಳ ಕೆಲಸ ಚಕ್ರ ಬಿಚ್ಚಿದಾಗ ಡಿಸ್ಕ್ ಜಾರದಂತೆ ನೋಡಿಕೊಳ್ಳುವುದು, ಮುಗಿಯಿತು.

ಹಾಗಾದರೆ ಇಷ್ಟು ಸಡಿಲವಾಗಿ ಹಾಕಿದ್ದು ಇಷ್ಟು ಗಟ್ಟಿ ಹೇಗೆ ಹಿಡಿಯುತ್ತದೆ? ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಕೇಳುತ್ತದೆ. ಇಳಿಜಾರು ತಲೆಯ ಸುತ್ತ ತುಕ್ಕು ಕೂತರೆ ಅದು ಆಪಿನ ಹಾಗೆ ಕೆಲಸ ಮಾಡುತ್ತದೆ. ಮೇಲಿಂದ ಬ್ರೇಕಿನ ಬಿಸಿ, ಮಳೆ ನೀರು, ಉಪ್ಪು ಗಾಳಿ. ಹಿಡಿತ ಇರುವುದು ಬಹುಪಾಲು ತಲೆಯ ಸುತ್ತಲೇ, ಒಳಗಿನ ಥ್ರೆಡ್‌ನಲ್ಲಿ ಅಲ್ಲ. ಇದು ಗೊತ್ತಿದ್ದರೆ ಮುಂದಿನ ಕೆಲಸ ಸುಲಭ. ಅಲ್ಲಿ ಬೇಕಾದದ್ದು ತಿರುಗಿಸುವ ಶಕ್ತಿಗಿಂತ ಮೊದಲು ಪೆಟ್ಟು.

ಚಕ್ರ ಬಿಚ್ಚಿ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ಮೇಲೆ ನಿಲ್ಲಿಸಿ ಸುತ್ತಿಗೆ ಎತ್ತಬಾರದು. ಇಲ್ಲಿ ಒಂದು ಕ್ರಮ ಇದೆ: ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಭಾಗ) ಮುಟ್ಟುವ ಮೊದಲೇ ಸ್ಕ್ರೂ ಬಿಚ್ಚಬೇಕು. ಕ್ಯಾಲಿಪರ್ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಡಿಸ್ಕನ್ನು ಅಲ್ಲಾಡದಂತೆ ಹಿಡಿಯಬಹುದು. ಅದನ್ನು ಮೊದಲು ತೆಗೆದುಬಿಟ್ಟರೆ ಸ್ಕ್ರೂ ಜೊತೆ ಡಿಸ್ಕೂ ಸುತ್ತುತ್ತದೆ. ಭಾವ ಒಳಗೆ ಕೂತು ಬ್ರೇಕ್ ಒತ್ತಿದರು.

ಎಡಗಡೆಯ ಎರಡು ಸ್ಕ್ರೂಗಳಲ್ಲಿ ಒಂದರ ಪ್ಲಸ್ ಚೆನ್ನಾಗಿತ್ತು. ಇನ್ನೊಂದನ್ನು ಹಿಂದೆ ಯಾರೋ ತಪ್ಪು ಸ್ಕ್ರೂಡ್ರೈವರ್ ಹಾಕಿ ಜಾರಿಸಿ ಗುಂಡಿ ಮಾಡಿಟ್ಟಿದ್ದರು. ಇದು ತುಂಬಾ ಸಾಮಾನ್ಯ. ಎಲ್ಲರ ಮನೆಯಲ್ಲೂ ಇರುವುದು 2ನೇ ನಂಬರಿನ ಡ್ರೈವರ್, ಇಲ್ಲಿ ಬೇಕಾದದ್ದು 3ನೇ ನಂಬರ್. ಸಾಲದ್ದಕ್ಕೆ ಜಪಾನಿನ ಪ್ಲಸ್‌ಗೂ ಸಾಮಾನ್ಯ ಫಿಲಿಪ್ಸ್‌ಗೂ ಆಕಾರದಲ್ಲಿ ಸಣ್ಣ ವ್ಯತ್ಯಾಸ ಇದೆ. ಜಪಾನಿನ ಮಾನದಂಡದ ಜೆಐಎಸ್ ಬಿಟ್ (ಡ್ರೈವರಿನ ತುದಿ) ಹಾಕಿದರೆ ತಳದವರೆಗೂ ಕೂರುತ್ತದೆ, ಫಿಲಿಪ್ಸ್ ಸ್ವಲ್ಪ ಮೇಲೆಯೇ ನಿಂತು ಜಾರಿ ಹೊರಗೆ ಬರುತ್ತದೆ. ಬೈಕ್ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಮೊದಲು ಪ್ಲಸ್ ಒಳಗಿನ ಕೊಳೆಯನ್ನು ಮೊಳೆಯ ತುದಿಯಿಂದ ಕೆರೆದು ತೆಗೆದೆ. ಈ ಕೆಲಸಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಆದರೆ ಅರ್ಧ ಮಿಲಿಮೀಟರ್ ಕೊಳೆ ಇದ್ದರೂ ಬಿಟ್ ಸರಿಯಾಗಿ ಕೂರುವುದಿಲ್ಲ. ಹಿಂದಿನ ರಾತ್ರಿಯೇ ತಲೆಯ ಸುತ್ತ ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟಿದ್ದೆ. ಸ್ಪ್ರೇ ಹೊಡೆದರೆ ಅದು ಪ್ಯಾಡ್ ಮೇಲೂ ಹೋಗುತ್ತದೆ, ಪ್ಯಾಡ್ ಹಾಳು. ಇಲ್ಲಿ ಪ್ಯಾಡ್ ಕೂಡ ಹೊಸದು ಹಾಕುವುದಿತ್ತು, ಹಾಗಾಗಿ ಚಿಂತೆ ಇರಲಿಲ್ಲ. ಅಂದ ಹಾಗೆ, ಎಲ್ಲದಕ್ಕೂ ಡಬ್ಲ್ಯುಡಿ-40 ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ಅದು 1953ರಲ್ಲಿ ಅಮೆರಿಕದಲ್ಲಿ ಲೋಹದ ಮೇಲಿಂದ ನೀರನ್ನು ದೂಡಿ ತುಕ್ಕು ತಡೆಯಲು ಮಾಡಿದ್ದು. ಹಳೇ ತುಕ್ಕಿನ ಸಂದಿಗೆ ಇಳಿಯಲು ಅದಕ್ಕೆಂದೇ ಮಾಡಿದ ಎಣ್ಣೆ ಇನ್ನೂ ಒಳ್ಳೆಯದು.

ನಂತರ ಕೈಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್. ಹಿಂಭಾಗಕ್ಕೆ ಸುತ್ತಿಗೆಯಲ್ಲಿ ಹೊಡೆದರೆ ಒಳಗಿನ ಇಳಿಜಾರು ಆ ಪೆಟ್ಟನ್ನು ಸ್ವಲ್ಪ ತಿರುವಾಗಿ ಬದಲಿಸುತ್ತದೆ. ಒತ್ತಡ ಮತ್ತು ತಿರುವು ಒಟ್ಟಿಗೆ ಸಿಗುವುದರಿಂದ ಬಿಟ್ ಹೊರಗೆ ಜಾರಲು ಅವಕಾಶವೇ ಇಲ್ಲ, ಪೆಟ್ಟಿಗೆ ತುಕ್ಕೂ ಒಡೆಯುತ್ತದೆ. ಹೊಡೆಯುವ ಮೊದಲು ಅದು ಬಿಚ್ಚುವ ದಿಕ್ಕಿಗೆ ಸೆಟ್ ಆಗಿದೆಯಾ ಅಂತ ಕೈಯಲ್ಲಿ ತಿರುಗಿಸಿ ನೋಡಿಕೊಳ್ಳಿ. ಡ್ರೈವರನ್ನು ಬಿಚ್ಚುವ ಕಡೆಗೆ ಬಿಗಿಯಾಗಿ ತಿರುಗಿಸಿ ಹಿಡಿದು, ನೇರವಾಗಿ ಹೊಡೆಯಬೇಕು. ಒಂದು ಕಿಲೋ ಸುತ್ತಿಗೆ ಸಾಕು. ಹಿಂದೆ ಇರುವುದು ಚಕ್ರದ ಬೇರಿಂಗ್, ಕಮ್ಮಾರಸಾಲೆಯ ಅಡಿಗಲ್ಲಲ್ಲ.

ಚೆನ್ನಾಗಿದ್ದ ಸ್ಕ್ರೂ ಕಟ್ ಅಂತ ಶಬ್ದ ಮಾಡಿ ಬಿಟ್ಟಿತು. ಗುಂಡಿಯಾದದ್ದಕ್ಕೆ ಬಿಟ್ ಮೇಲೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿ ನೋಡಿದೆ. ಅದರಲ್ಲಿರುವ ಗಟ್ಟಿ ಕಣಗಳು ಬಿಟ್ ಮತ್ತು ಸ್ಕ್ರೂ ನಡುವೆ ಕಚ್ಚಿಕೊಳ್ಳುತ್ತವೆ, ಸ್ವಲ್ಪ ಸವೆದ ತಲೆಗೆ ಒಳ್ಳೆ ಉಪಾಯ. ಇದು ಅದಕ್ಕೂ ಮೀರಿತ್ತು. "ಡ್ರಿಲ್ ಹಾಕುವ ಮಾರಾಯ, ಎಷ್ಟು ಹೊತ್ತು ಕಾಲು ಒತ್ತಿ ಕೂರುವುದು?" ಅಂದರು ಭಾವ. ನನಗೂ ಅದೇ ಸರಿ ಅನ್ನಿಸಿತು. ಗುಂಡಿಯಾದ ತಲೆಯಲ್ಲಿ ಡ್ರೈವರ್ ಸುತ್ತಿಸುತ್ತಾ ಹೋದರೆ ಡ್ರಿಲ್ ಬಿಟ್ ನಿಲ್ಲಿಸುವ ಜಾಗವೂ ಹಾಳಾಗುತ್ತದೆ.

ಡ್ರಿಲ್ ಅಂದ ಕೂಡಲೇ ಹಲವರು ಹೆದರುತ್ತಾರೆ, ಹಬ್‌ನ ಥ್ರೆಡ್ ಹಾಳಾಗುತ್ತದೆ ಅಂತ. ಈ ಸ್ಕ್ರೂನಲ್ಲಿ ಅಷ್ಟು ಆಳಕ್ಕೆ ಹೋಗುವ ಅಗತ್ಯವೇ ಇಲ್ಲ. ತಲೆ ಬೇರೆಯಾದರೆ ಸಾಕು. ಮಧ್ಯಕ್ಕೆ ಸೆಂಟರ್ ಪಂಚ್ (ಗುರುತು ಕುಳಿ ಮಾಡುವ ಚೂಪು ತುದಿಯ ಉಳಿ) ಹೊಡೆದು, 3 ಎಂಎಂ ಬಿಟ್‌ನಿಂದ ದಾರಿ ಮಾಡಿ, ಆಮೇಲೆ 5, ಕೊನೆಗೆ ಸ್ಕ್ರೂನ ಮೈಗಿಂತ ಸ್ವಲ್ಪ ದೊಡ್ಡದಾದ 6.5. ನಿಧಾನ ಸ್ಪೀಡು, ಜಾಸ್ತಿ ಒತ್ತಡ, ನಡುನಡುವೆ ಒಂದೊಂದು ಹನಿ ಎಣ್ಣೆ. ಸ್ಪೀಡ್ ಏರಿಸಿದರೆ ಬಿಟ್ ಸುಟ್ಟು ಮೊಂಡಾಗುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಮೂರ್ನಾಲ್ಕು ಎಂಎಂ ಇಳಿದ ಮೇಲೆ ತಲೆ ಉಂಗುರದ ಹಾಗೆ ಬಿಟ್‌ಗೆ ಸಿಕ್ಕಿಕೊಂಡು ಎದ್ದು ಬಂತು.

ಡಿಸ್ಕ್ ತೆಗೆದ ಮೇಲೆ ಉಳಿದ ತುಂಡು ಹಬ್‌ನಿಂದ ಸ್ವಲ್ಪ ಹೊರಗೆ ನಿಂತಿರುತ್ತದೆ. ತಲೆ ಹೋದರೆ ಎಳೆತವೂ ಹೋಯಿತು, ತುಕ್ಕಿನ ಹಿಡಿತವೂ ಹೋಯಿತು. ವೈಸ್ ಗ್ರಿಪ್‌ನಲ್ಲಿ ಹಿಡಿದು ತಿರುಗಿಸಿದರೆ ಸುಮ್ನೆ ಬರುತ್ತದೆ. ಇಲ್ಲಿಯೂ ಹಾಗೇ ಬಂತು.

ತುಂಡಾದ ಬೋಲ್ಟ್ ತೆಗೆಯುವ ಈಜಿ ಔಟ್ ಸೆಟ್ ನನ್ನ ಡಬ್ಬಿಯಲ್ಲೂ ಇದೆ, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದು ಗಟ್ಟಿ, ಆದರೆ ಪೆಡಸು. ಸಣ್ಣ ಸೈಜಿನದ್ದು ತೂತಿನೊಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದೇ ಇಲ್ಲ. ಆಮೇಲೆ ವೆಲ್ಡಿಂಗ್‌ನವರನ್ನೋ ಲೇತ್‌ನವರನ್ನೋ ಹುಡುಕಬೇಕು. ಗ್ಯಾಸ್ ಬೆಂಕಿ ಕೂಡ ಇಲ್ಲಿ ಬೇಡ. ಹತ್ತಿರದಲ್ಲೇ ಬೇರಿಂಗ್‌ನ ಗ್ರೀಸು, ಎಬಿಎಸ್ ಸೆನ್ಸರ್, ಕ್ಯಾಲಿಪರ್‌ನ ರಬ್ಬರ್. ಸೈಲೆನ್ಸರ್ ಪೈಪಿನ ನಟ್ ಆದರೆ ಬೆಂಕಿಯಷ್ಟು ಒಳ್ಳೆ ಉಪಾಯ ಬೇರೆ ಇಲ್ಲ. 12 ಎಂಎಂ ತೂತಿನ ಉಕ್ಕಿನ ನಟ್ 500 ಡಿಗ್ರಿ ಜಾಸ್ತಿ ಬಿಸಿಯಾದರೆ ತೂತು ಸುಮಾರು 0.07 ಎಂಎಂ ಅಗಲವಾಗುತ್ತದೆ. ಕೇಳಲು ಏನೂ ಅಲ್ಲ, ತುಕ್ಕು ಒಡೆಯಲು ಅಷ್ಟು ಸಾಕು. ಹಾಗೆ ಕಾಯಿಸಿದ ನಟ್ ಬೋಲ್ಟನ್ನು ಮತ್ತೆ ಹಾಕಬಾರದು, ಅದರ ಹದ ಹೋಗಿರುತ್ತದೆ.

ಸ್ಕ್ರೂ ಆದ ಮೇಲೆ ಕ್ಯಾಲಿಪರನ್ನು ಹಿಡಿದಿರುವ ಬ್ರ್ಯಾಕೆಟ್‌ನ 17 ಎಂಎಂ ತಲೆಯ ಬೋಲ್ಟ್‌ಗಳು. ಇಲ್ಲಿ ಆರು ಮೂಲೆಯ ಸಾಕೆಟ್ ಮಾತ್ರ. ಹನ್ನೆರಡು ಮೂಲೆಯದು ಬೋಲ್ಟ್‌ನ ಮೂಲೆಗಳನ್ನಷ್ಟೇ ಹಿಡಿಯುತ್ತದೆ, ತುಕ್ಕು ಹಿಡಿದ ತಲೆಯನ್ನು ಉರುಟು ಮಾಡಲು ಅಷ್ಟು ಸಾಕು. ಜಪಾನಿ ಕಾರುಗಳಲ್ಲಿ 12, 14, 17ರ ತಲೆ ಜಾಸ್ತಿ. ಅಂಗಡಿಯಲ್ಲಿ ಸಿಗುವ 8 ಎಂಎಂ ಬೋಲ್ಟಿನ ತಲೆ 13ರದ್ದು. ಕೈಗೆ ಸಿಕ್ಕ 13ರ ಪಾನವನ್ನು 12ಕ್ಕೆ ಹಾಕಿ ತಿರುವಿದ ಗುರುತು ಎಷ್ಟು ಕಾರಿನಲ್ಲಿ ನೋಡಿಲ್ಲ!

ಇನ್ನೊಂದು ಮಾತು: ಈ ಬೋಲ್ಟ್‌ನ ತಲೆ ಒಳಮುಖವಾಗಿರುತ್ತದೆ. ನಾವು ಹೊರಗೆ ಕೂತು ಕೈ ಹಾಕುವುದರಿಂದ ದಿಕ್ಕು ಉಲ್ಟಾ ಕಾಣುತ್ತದೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಪೈಪ್ ಹಾಕಿ ಬಿಗಿದು ತುಂಡು ಮಾಡಿದವರಿದ್ದಾರೆ. ಬೋಲ್ಟ್‌ನ ತಲೆಯ ಕಡೆಯಿಂದ ನೋಡಿದ ಹಾಗೆ ಮನಸ್ಸಿನಲ್ಲಿ ಚಿತ್ರ ಮಾಡಿಕೊಂಡು, ಆಮೇಲೆ ಬಲ ಹಾಕಿ. ಹಾಕುವಾಗ ಇದಕ್ಕೂ 108 ನ್ಯೂಟನ್ ಮೀಟರ್. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 22 ಕಿಲೋ ಭಾರ ಇಟ್ಟ ಹಾಗೆ. ಬಿಚ್ಚಲು ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ. ನಾನು ಮೊದಲು ಬಿಗಿಯುವ ದಿಕ್ಕಿಗೆ ಒಂದು ಕೂದಲಿನಷ್ಟು ಅಲ್ಲಾಡಿಸಿ, ಆಮೇಲೆ ಬಿಚ್ಚುವ ಕಡೆ ಎಳೆಯುತ್ತೇನೆ. ಕ್ಯಾಲಿಪರನ್ನು ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ ಇಟ್ಟೆ, ಹೋಸ್ ಮೇಲೆ ನೇತಾಡಬಾರದು.

ಡಿಸ್ಕ್ ಮಾತ್ರ ಹಬ್‌ಗೆ ಅಂಟಿಕೊಂಡೇ ಇತ್ತು. ಇದಕ್ಕೆ ಸುತ್ತಿಗೆ ಬೇಡ. ಡಿಸ್ಕ್‌ನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇರುತ್ತವೆ, ತುಕ್ಕು ತುಂಬಿ ಕಾಣಿಸುವುದಿಲ್ಲ ಅಷ್ಟೇ. ಹಾರ್ಡ್‌ವೇರ್ ಅಂಗಡಿಯ 8 ಎಂಎಂ ಬೋಲ್ಟ್ ಎರಡು ತಂದು ಹಾಕಿ, ಒಮ್ಮೆ ಇದನ್ನು ಕಾಲು ಸುತ್ತು, ಒಮ್ಮೆ ಅದನ್ನು ಕಾಲು ಸುತ್ತು ತಿರುಗಿಸಿದರೆ ಬೋಲ್ಟ್ ಹಬ್‌ಗೆ ಒತ್ತಿ ಡಿಸ್ಕನ್ನು ಹೊರಗೆ ತಳ್ಳುತ್ತದೆ. ಒಂದನ್ನೇ ಬಿಗಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಬಲಗಡೆಯ ಎರಡೂ ಸ್ಕ್ರೂಗಳ ತಲೆ ಹಾಳಾಗಿತ್ತು. ಅಲ್ಲಿ ಬೇರೆ ಪ್ರಯತ್ನ ಮಾಡದೆ ನೇರವಾಗಿ ಡ್ರಿಲ್ ಹಿಡಿದೆ.

ಹಾಕುವಾಗ ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ ಲೋಹ ಕಾಣುವಂತೆ ಮಾಡಿದೆ. ತುಕ್ಕಿನ ಚಕ್ಕೆ ಮಧ್ಯೆ ಉಳಿದರೆ ಹೊಸ ಡಿಸ್ಕೂ ಓಲಾಡುತ್ತದೆ, ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತದೆ. ಹೊಸ ಸ್ಕ್ರೂಗಳ ಇಳಿಜಾರಿಗೆ ಮತ್ತು ಥ್ರೆಡ್‌ಗೆ ಆ್ಯಂಟಿ ಸೀಜ್ ಪೇಸ್ಟ್ (ಮುಂದೆ ತುಕ್ಕಿಗೆ ಕಚ್ಚಿಕೊಳ್ಳದಂತೆ ತಡೆಯುವುದು) ತೆಳುವಾಗಿ ಸವರಿದೆ. ಡಿಸ್ಕ್‌ನ ಮುಖಕ್ಕೂ ಚಕ್ರದ ನಟ್‌ಗೂ ಅದು ತಾಗಬಾರದು. ಸ್ಕ್ರೂ ಹಾಕದೆಯೂ ನಡೆಯುತ್ತದೆ ಅನ್ನುವವರಿದ್ದಾರೆ, ನಡೆಯುತ್ತದೆ ನಿಜ. ನಾನು ಹಾಕುತ್ತೇನೆ. ರಸ್ತೆ ಬದಿಯಲ್ಲಿ ಚಕ್ರ ಬದಲಿಸುವಾಗ ಡಿಸ್ಕ್ ಸರಿದು ಮಧ್ಯೆ ಮಣ್ಣು ಸೇರುವುದು ನನಗೆ ಬೇಡ.

ಹೊಸ ಡಿಸ್ಕ್ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಎಲ್ಲ ಜೋಡಿಸಿ, ನಟ್‌ಗಳನ್ನು ಎದುರು ಬದುರಾಗಿ ಟಾರ್ಕ್ ರೆಂಚ್‌ನಲ್ಲಿ ಬಿಗಿದೆ. ಹೊಸ ಪ್ಯಾಡ್‌ಗೆ ಜಾಗ ಮಾಡಲು ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ಒತ್ತಿರುತ್ತೇವಲ್ಲ, ಮೊದಲ ಒಂದೆರಡು ಸಲ ಪೆಡಲ್ ಹಾಗೇ ತಳಕ್ಕೆ ಹೋಗುತ್ತದೆ. ಹಾಗಾಗಿ ಗಾಡಿ ಕದಲಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಿರಿ ಅಂತ ಭಾವನಿಗೆ ಹೇಳಿದೆ.