ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದ ಪದಕ

ನಮ್ಮೂರಲ್ಲಿ ಅಪ್ಪನ ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ‘ಮಿಲ್ಟ್ರಿ ಅಜ್ಜನ ಮನಿ’ ಅಂದರೆ ಸಣ್ಣ ಹುಡುಗರೂ ಬಾಗಿಲ ತನಕ ಬಿಟ್ಟು ಹೋಗುತ್ತಾರೆ. ಊರು ರೋಣ ತಾಲ್ಲೂಕಿನದು. ನಾನು ಗದಗಿನಲ್ಲಿ ಸಣ್ಣ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ದಿನಾ ಮಂದಿಯ ಅರ್ಜಿ, ಆಧಾರ್, ಉತಾರ ನೋಡುವವಳು ನಾನು. ಆದರೂ ಅಪ್ಪನ ಟ್ರಂಕಿನ ಕಾಗದಗಳನ್ನು 2022ರ ತನಕ ಒಮ್ಮೆಯೂ ಬಿಚ್ಚಿರಲಿಲ್ಲ.

ಬಿಚ್ಚುವ ಹಾಗೆ ಮಾಡಿದ್ದು ಸ್ಪರ್ಶ್. ಸೇನೆಯ ಪಿಂಚಣಿ ಈ ಹೊಸ ಪೋರ್ಟಲ್ಲಿಗೆ ಬಂದಾಗ, ನಿಮ್ಮ ವಿವರ ನೋಡಿ ಸರಿ ಇದೆಯಾ ಹೇಳಿ ಅಂದರು. ಲಾಗಿನ್ ಆಗಿ ನೋಡಿದೆ. ಅಪ್ಪನ ಹುಟ್ಟಿದ ತಾರೀಖು 1949ರ ಜೂನ್ 1. ಆಧಾರಿನಲ್ಲಿ 1947. ಅವ್ವನ ಹೆಸರು ಬೇರೆ. ಅವಳ ಹುಟ್ಟಿದ ತಾರೀಖಿನ ಜಾಗ ಖಾಲಿ. ಮೂಲ ಏನಿದೆ ನೋಡೋಣ ಅಂತ ಊರಿಗೆ ಹೋಗಿ ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ವಿವರದ ಪುಸ್ತಕ, ತೆಗೆದೆ. ಅದರಲ್ಲಿದ್ದ ಇನ್ನೊಂದು ತಪ್ಪನ್ನು ಅಪ್ಪನೇ ಬೆರಳಿಟ್ಟು ತೋರಿಸಿದ.

“ಇಲ್ಲಿ ಪೂರ್ವಿ ಸ್ಟಾರ್ ಇರಬೇಕಾಗಿತ್ತು ನೋಡವಾ.”

ಪದಕಗಳ ಪುಟದಲ್ಲಿ ಸಂಗ್ರಾಮ್ ಮೆಡಲ್ ಇತ್ತು. ಸ್ವಾತಂತ್ರ್ಯದ 25ನೇ ವರ್ಷದ್ದು ಇತ್ತು, ಒಂಬತ್ತು ವರ್ಷದ ಸೇವೆಯದ್ದೂ ಇತ್ತು. ಪೂರ್ವಿ ಸ್ಟಾರ್ ಇರಲಿಲ್ಲ. 1971ರ ಯುದ್ಧಕ್ಕೆ ಸಂಬಂಧಪಟ್ಟ ಪದಕಗಳಲ್ಲಿ ಸಂಗ್ರಾಮ್ ಮೆಡಲ್ ಎಲ್ಲ ಕಡೆ ಇದ್ದವರಿಗೂ ಸಿಗುವಂಥದ್ದು. ಪೂರ್ವದ ರಣರಂಗದಲ್ಲಿ ಇದ್ದವರಿಗೆ ಅದರ ಜೊತೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಅಪ್ಪ ಇದ್ದದ್ದು ಪೂರ್ವದಲ್ಲಿ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ ಆದಾಗ ಅಪ್ಪ ಗಡಿಯ ಆಚೆಯೇ ಇದ್ದ.

“ಆವಾಗ ಯಾಕ ಕೇಳಲಿಲ್ಲಪಾ?”

“ಕೇಳಿದ್ದೆ. ಬರತೈತಿ ಅಂದ್ರು.”

1985ರಲ್ಲಿ ನಿವೃತ್ತಿಯಾದ ಮನುಷ್ಯ. 37 ವರ್ಷ ಬರತೈತಿ ಅಂತ ಸುಮ್ನೆ ಕೂತಿದ್ದಾನೆ.

ಶುರುವಿಗೆ ನಾನು ಮೂರು ತಿಂಗಳು ವ್ಯರ್ಥ ಮಾಡಿದೆ. ಬ್ಯಾಂಕಿಗೆ ಹೋದೆ, ಪೋರ್ಟಲ್ಲಿನಲ್ಲಿ ದೂರು ಹಾಕಿದೆ. ತಿರುಗಿ ತಿರುಗಿ ಬಂದ ಉತ್ತರ ಒಂದೇ: ರೆಕಾರ್ಡ್ ಆಫೀಸನ್ನು, ಅಂದರೆ ಸೈನಿಕರ ದಾಖಲೆ ಇಡುವ ಕಚೇರಿಯನ್ನು ಕೇಳಿ. ಆಗ ಅಪ್ಪನನ್ನು ಕೂಡಿಸಿಕೊಂಡು ಈ ಕಾಗದಗಳು ಹುಟ್ಟುವುದು ಹೇಗೆ ಅಂತ ಕೇಳಿದೆ. ಅದನ್ನು ಮೊದಲೇ ಮಾಡಬೇಕಿತ್ತು.

ಸೈನಿಕನ ಬದುಕಿನಲ್ಲಿ ಏನೇ ಬದಲಾವಣೆ ಆಗಲಿ, ಮದುವೆ, ಮಗು, ಬಡ್ತಿ, ಪದಕ, ಅದು ಮೊದಲು ಅವನ ಘಟಕ ಹೊರಡಿಸುವ ‘ಪಾರ್ಟ್ ಟೂ ಆರ್ಡರ್’ ಅನ್ನುವ ಆದೇಶದಲ್ಲಿ ಬರಬೇಕು. ಅಲ್ಲಿಂದ ರೆಕಾರ್ಡ್ ಆಫೀಸಿನ ಶೀಟ್ ರೋಲಿಗೆ, ಅಂದರೆ ಅವನ ಸೇವಾ ದಾಖಲೆಗೆ, ಏರುತ್ತದೆ. ಶೀಟ್ ರೋಲ್ ನೋಡಿ ಡಿಸ್ಚಾರ್ಜ್ ಬುಕ್ ಬರೆಯುತ್ತಾರೆ. ಅಲ್ಲಿಂದ ಹೋದ ವಿವರದ ಮೇಲೆ ಪ್ರಯಾಗ್‌ರಾಜಿನ ಪಿಂಚಣಿ ಲೆಕ್ಕ ಕಚೇರಿ ಪಿಪಿಓ, ಅಂದರೆ ಪಿಂಚಣಿ ಪಾವತಿ ಆದೇಶ, ಹೊರಡಿಸುತ್ತದೆ. ಸ್ಪರ್ಶ್ ತೋರಿಸುವುದು ಇದರದ್ದೇ ನೆರಳು. ಅಪ್ಪನ ಮಾತಲ್ಲಿ ಹೇಳುವುದಾದರೆ, “ಪಾರ್ಟ್ ಟೂ ಆಗಲಿಲ್ಲಂದ್ರ ಮಗನೂ ಹುಟ್ಟಿಲ್ಲ.” ಹಾಗಾಗಿ ಕೆಳಗಿನ ಕಾಗದ ತಿದ್ದಲು ಓಡಾಡಿ ಉಪಯೋಗವಿಲ್ಲ. ಮೇಲಿನದ್ದು ತಿದ್ದಿದರೆ ಉಳಿದದ್ದು ತಾನಾಗಿ ಅಲ್ಲದಿದ್ದರೂ, ಒಂದರ ಹಿಂದೆ ಒಂದು ಸರಿಹೋಗುತ್ತದೆ.

ರೆಕಾರ್ಡ್ ಆಫೀಸು ಒಂದೊಂದು ರೆಜಿಮೆಂಟಿಗೆ ಒಂದೊಂದು ಕಡೆ. ಮರಾಠಾ ಲೈಟ್ ಇನ್‌ಫೆಂಟ್ರಿಯದ್ದು ಬೆಳಗಾವಿಯಲ್ಲಿ, ಮದ್ರಾಸ್ ಸ್ಯಾಪರ್ಸ್‌ನದ್ದು ಬೆಂಗಳೂರಿನಲ್ಲಿ, ತೋಪಖಾನೆಯದ್ದು ನಾಶಿಕ್ ರೋಡಿನಲ್ಲಿ. ಅಪ್ಪನದ್ದು ಯಾವುದು ಅಂತ ಬರೆಯುವುದಿಲ್ಲ. ತಪ್ಪು ಮಾಡಿದ ಕಾರಕೂನ ಈಗ ಎಲ್ಲಿದ್ದಾನೋ, ಸರಿ ಮಾಡಿಕೊಟ್ಟವರೂ ಅಲ್ಲಿಯವರೇ.

ಮೊದಲು ತಾರೀಖಿನ ವಿಷಯ. ಜೂನ್ 1 ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಶಾಲೆಯ ಮಾಸ್ತರರು ಕೊಟ್ಟ ಜನ್ಮದಿನ. ಅರ್ಧ ಊರು ಅವತ್ತೇ ಹುಟ್ಟಿದೆ. ಭರ್ತಿ ಆಗುವಾಗ ಅದೇ ಬರೆಸಿದ್ದಾರೆ. ಭರ್ತಿಯ ವೇಳೆ ಬರೆದ ಜನ್ಮ ದಿನಾಂಕವನ್ನು ಇಷ್ಟು ವರ್ಷದ ಮೇಲೆ ಸೇನೆ ಬದಲಿಸುವುದಿಲ್ಲ. ಅದಕ್ಕೆ ಗುದ್ದಾಡಲು ಹೋಗಬೇಡಿ. ನಾವು ಆಧಾರನ್ನೇ ಸೇನೆಯ ತಾರೀಖಿಗೆ ಹೊಂದಿಸಿದೆವು. ಆಧಾರಿನಲ್ಲಿ ಜನ್ಮ ದಿನಾಂಕ ಬದಲಿಸಲು ಒಂದೇ ಅವಕಾಶ, ಹೆಸರಿಗೆ ಎರಡು. ಅದಕ್ಕೇ ಆ ಒಂದು ಸಲ ಕೈಯಿಡುವ ಮುಂಚೆ ಡಿಸ್ಚಾರ್ಜ್ ಬುಕ್, ಪಿಪಿಓ ಎರಡರಲ್ಲೂ ಒಂದೇ ತಾರೀಖು ಇದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡಬೇಕು.

ಅವ್ವನ ಹೆಸರಿನದ್ದು ಇದರ ಉಲ್ಟಾ. ಸೇನೆಯ ದಾಖಲೆಯಲ್ಲಿ ಅವಳ ಹೆಸರು ‘ಅವ್ವ’ ಅಂತ ಮುಗಿಯುತ್ತದೆ. ಮದುವೆಯಾದ ಹೊಸದರಲ್ಲಿ ಅಪ್ಪ ಮನೆಯಲ್ಲಿ ಕರೆಯುವ ಹಾಗೇ ಬರೆಸಿದ್ದ. ಆಮೇಲೆ ರೇಷನ್ ಕಾರ್ಡ್ ಮಾಡಿದವರು, ಆಧಾರ್ ಮಾಡಿದವರು ‘ಅಮ್ಮ’ ಮಾಡಿದರು. ನಮ್ಮ ಕಡೆ ಇವೆರಡೂ ಒಂದೇ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ನೋಡುವ ಕಾರಕೂನನಿಗೆ ಇಬ್ಬರು ಹೆಂಗಸರು, ಅಲ್ವಾ? ನಾಳೆ ಅಪ್ಪ ಇಲ್ಲವಾದರೆ ಕುಟುಂಬ ಪಿಂಚಣಿ ಕೇಳುವ ಹೊತ್ತಿಗೆ ಇದೇ ಒಂದು ಅಕ್ಷರ ಅಡ್ಡ ಬರುತ್ತದೆ. ಅವ್ವನ ಬ್ಯಾಂಕು, ಹೊಲದ ಉತಾರ, ಆಧಾರ್ ಎಲ್ಲ ‘ಅಮ್ಮ’ನ ಕಡೆ ಇದ್ದದ್ದರಿಂದ ಈ ಸಲ ಸೇನೆಯ ದಾಖಲೆಯನ್ನೇ ಬದಲಿಸಲು ಕೇಳಿದೆವು.

ಅದಕ್ಕೆ ನಮ್ಮಿಂದ ಕೇಳಿದ್ದು: ಇಬ್ಬರೂ ಒಬ್ಬಳೇ ಅಂತ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಅಫಿಡವಿಟ್, ಒಂದು ಕನ್ನಡ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು, ಗುರುತಿನ ಕಾಗದಗಳು, ಗಂಡ ಹೆಂಡತಿ ಇಬ್ಬರ ಜಂಟಿ ಫೋಟೊ. ಮೊದಲು ನೋಟರಿ ಅಫಿಡವಿಟ್ ಕಳಿಸಿದ್ದೆ, ಅದು ವಾಪಸ್ ಬಂತು. ಫೋಟೊಕ್ಕೆ ಅವ್ವ ಇಳಕಲ್ ಸೀರೆ ಉಟ್ಟು ತಲೆ ಮೇಲೆ ಸೆರಗು ಹೊದ್ದು ಕೂತಳು. ಸ್ಟುಡಿಯೊದವನು ಕಿವಿ ಕಾಣಬೇಕು ಅಂದ. ಇವಳು ಸೆರಗು ಸರಿಸಲು ಒಪ್ಪಲಿಲ್ಲ. ಐದು ಸಲ ತೆಗೆಸಿದೆವು. ಎಲ್ಲವನ್ನೂ ಧಾರವಾಡದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಒಯ್ದೆ. ಹಳೆಯ ಸೈನಿಕರು ಇದಕ್ಕೆ ಈಗಲೂ ಸೈನಿಕ ಬೋರ್ಡ್ ಅನ್ನುತ್ತಾರೆ. ಅಲ್ಲಿಯವರು ಒಂದೊಂದೇ ಕಾಗದ ನೋಡಿ, ಸಹಿ ಮಾಡಿ, ಮೇಲ್ಪತ್ರ ಹಾಕಿ ಕಳಿಸಿದರು. ನಾನೇ ಕಳಿಸಿದ್ದಕ್ಕಿಂತ ಅದಕ್ಕೆ ಬೇಗ ಉತ್ತರ ಬಂತು.

ಅವ್ವನ ಜನ್ಮ ದಿನಾಂಕವನ್ನೂ ಅದೇ ಅರ್ಜಿಯಲ್ಲಿ ಸೇರಿಸಿದೆ. ನಿಜವಾದದ್ದು ಯಾರಿಗೂ ಗೊತ್ತಿಲ್ಲ. “ಯುಗಾದಿ ಮುಂದ ಹುಟ್ಟೀನಂತ” ಅನ್ನುತ್ತಾಳೆ. ಆಧಾರಿನಲ್ಲಿ ಜನವರಿ 1 ಅಂತ ಕೂತಿದೆ, ಅದೇ ಇರಲಿ ಅಂದೆ. ಇದು ಚಿಲ್ಲರೆ ವಿಷಯ ಅಂತ ಬಿಡುವ ಹಾಗಿಲ್ಲ. ಪಿಂಚಣಿದಾರರಿಗೆ, ಕುಟುಂಬ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ. 20 ಜಾಸ್ತಿ ಸಿಗುತ್ತದೆ, 85ಕ್ಕೆ ಶೇ. 30. ತಾರೀಖಿನ ಜಾಗ ಖಾಲಿ ಇದ್ದರೆ 80 ಯಾವತ್ತು ತುಂಬಿತು ಅಂತ ಯಾರು ಹೇಳಬೇಕು? ಈಗ ಅಂಗಡಿಗೆ ಮಾಜಿ ಸೈನಿಕರು ಯಾರೇ ಬಂದರೂ ಹೆಂಡತಿಯ ತಾರೀಖು ಪಿಪಿಓದಲ್ಲಿ ಇದೆಯಾ ಅಂತ ನಾನಾಗಿಯೇ ಕೇಳುತ್ತೇನೆ.

ಇನ್ನು ಪದಕ. ಇದೇ ಕಷ್ಟದ್ದು. ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಊರಲ್ಲಿ ಇಬ್ಬರು ಮೂವರು ‘ಪದಕ ಬಂದ್ರ ಜಮೀನು ಕೊಡ್ತಾರಂತ’ ಅಂದರು. ವೀರ ಚಕ್ರದಂಥ ಶೌರ್ಯ ಪದಕಗಳ ದಾರಿ ಬೇರೆ, ಅವು ಗೆಜೆಟ್ಟಿನಲ್ಲಿ ಬರುತ್ತವೆ. ಇದು ಅಲ್ಲಿ ಇದ್ದೆ ಅನ್ನುವುದಕ್ಕೆ ಕೊಡುವ ಪದಕ. ಅಪ್ಪನಿಗೆ ಬೇಕಾದದ್ದೂ ಅಷ್ಟೇ.

ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂತ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಬರೆದೆ. ಎರಡು ತಪ್ಪು ಮಾಡಿದೆ. ಒಂದು, ನನ್ನ ಹೆಸರಲ್ಲಿ ಕೇಳಿದೆ. ಬೇರೆಯವರ ವೈಯಕ್ತಿಕ ಮಾಹಿತಿ ಅಂತ ಕೊಡಲಿಲ್ಲ. ಮಗಳಾದರೂ ನಾನು ಮೂರನೆಯವಳೇ. ಎರಡು, ‘ನಮ್ಮ ತಂದೆಗೆ ಪೂರ್ವಿ ಸ್ಟಾರ್ ಯಾಕೆ ಕೊಟ್ಟಿಲ್ಲ’ ಅಂತ ಕೇಳಿದ್ದೆ. ಯಾಕೆ ಅನ್ನುವುದು ಆ ಕಾಯ್ದೆಯಲ್ಲಿ ನಡೆಯುವುದಿಲ್ಲ. ಕಡತದಲ್ಲಿ ಇರುವ ಕಾಗದವನ್ನು ಕೇಳಬೇಕು. ಆದರೆ ಯಾವ ಕಾಗದ, ಯಾವ ಘಟಕದ್ದು, ಯಾವ ವರ್ಷದ್ದು? ಅಪ್ಪನಿಗೆ ಹೆಸರುಗಳು ನೆನಪಿದ್ದವು, ತಾರೀಖು ಇರಲಿಲ್ಲ.

ಆಗ ಸಿಕ್ಕದ್ದು ಒಂದು ಇನ್‌ಲ್ಯಾಂಡ್ ಪತ್ರ. 1971ರ ನವೆಂಬರಿನಲ್ಲಿ ಅಪ್ಪ ಅಜ್ಜನಿಗೆ ಬರೆದದ್ದು. ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಅಡಿಯಲ್ಲಿ ಇತ್ತು. ಬಿಳಿಜೋಳ ಬಿತ್ತಿದಿರೇನು, ಎತ್ತಿನ ಕಾಲು ಹೇಗಿದೆ ಅಂತ ಇಷ್ಟೇ. ಯುದ್ಧದ ಸುದ್ದಿಯೇ ಇಲ್ಲ. ಆದರೆ ಕಳಿಸಿದವರ ವಿಳಾಸದಲ್ಲಿ ನಂಬರು, ಘಟಕ, ಕೆಳಗೆ ‘99 ಎಪಿಓ’, ಅಂದರೆ ಸೇನೆಯ ಅಂಚೆ ಕಚೇರಿ. ಅಪ್ಪ ಅದನ್ನು ನೋಡಿ ನಕ್ಕ. ಪೂರ್ವದ ಕಡೆ ಇರುವ ಪಡೆಗಳ ಟಪಾಲಿಗೆ 99 ಎಪಿಓ, ಉಳಿದ ಕಡೆಗೆ 56 ಎಪಿಓ. ಅಷ್ಟರಿಂದಲೇ ಪದಕ ಕೊಡುವುದಿಲ್ಲ, ಅದು ನನಗೂ ಗೊತ್ತಿತ್ತು. ಆದರೆ ಹುಡುಕಬೇಕಾದ ಘಟಕ, ತಿಂಗಳು ಎರಡೂ ಕೈಗೆ ಬಂದವು.

ಎರಡನೆಯ ಅರ್ಜಿಯನ್ನು ಅಪ್ಪನ ಹೆಸರಲ್ಲೇ, ಅಪ್ಪನ ಸಹಿಯಲ್ಲೇ ಹಾಕಿದೆ. ಮೂರೇ ಸಾಲು. ನನ್ನ ಶೀಟ್ ರೋಲಿನ ಪದಕಗಳ ಪುಟದ ದೃಢೀಕೃತ ನಕಲು ಕೊಡಿ. ಇಂಥ ಘಟಕದಲ್ಲಿ 1971ರ ಯುದ್ಧದ ಪದಕಗಳಿಗಾಗಿ ಹೊರಟ ಪಾರ್ಟ್ ಟೂ ಆರ್ಡರುಗಳಲ್ಲಿ ನನ್ನ ಹೆಸರಿರುವ ಪುಟದ ನಕಲು ಕೊಡಿ. ನನ್ನ ಹೆಸರು ಇಲ್ಲದಿದ್ದರೆ ಇಲ್ಲ ಅಂತ ಬರೆದು ಕೊಡಿ. ಜೊತೆಗೆ ಆ ಪತ್ರದ ಝೆರಾಕ್ಸ್. ಅಂಗಡಿ ನಂದೇ, ಅದಕ್ಕೆ ಖರ್ಚಿಲ್ಲ.

30 ದಿನ ಆಗುವ ಮುಂಚೆ ಉತ್ತರ ಬಂತು. ಹೆಸರು ಇತ್ತು! ಟೈಪ್ ಮಾಡಿದ ಹಳೆಯ ಪಟ್ಟಿ, ಅಕ್ಷರ ಮಸುಕು. ಅಪ್ಪನ ಹೆಸರಿನ ಮುಂದೆ ಪೂರ್ವಿ ಸ್ಟಾರ್ ಅಂತಲೇ ಇತ್ತು. ಆದರೆ ಆರ್ಮಿ ನಂಬರಿನಲ್ಲಿ ಎರಡು ಅಂಕಿ ಹಿಂದು ಮುಂದಾಗಿದ್ದವು. ಸೇನೆಯಲ್ಲಿ ಒಂದೇ ಹೆಸರಿನವರು ಎಷ್ಟೋ ಜನ ಇರುತ್ತಾರೆ, ಅವರು ನೋಡುವುದು ನಂಬರು. ಹಾಗಾಗಿ ಆ ಸಾಲು ಅಪ್ಪನ ಶೀಟ್ ರೋಲಿಗೆ ಏರಲೇ ಇಲ್ಲ. ಯುದ್ಧ ಮುಗಿದ ಮೇಲೆ ಕಾಮಾಲೆ ಆಗಿ ಆಸ್ಪತ್ರೆ ಸೇರಿದ್ದೆ, ಅಲ್ಲಿಂದ ಬೇರೆ ಕಡೆ ಪೋಸ್ಟಿಂಗ್ ಆಯಿತು, ಅದಕ್ಕೆ ಬಿಟ್ಟಿದ್ದಾರೆ ಅಂತ ಅಪ್ಪ ಇಷ್ಟು ವರ್ಷ ತಿಳಿದುಕೊಂಡಿದ್ದ. ಪಟ್ಟಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮ ಹವಾಲ್ದಾರ್ ಕ್ಲರ್ಕ್ ಬಿಟ್ಟಿದ್ದಿಲ್ಲ ನೋಡು, ಬರೆದಾನ” ಅಂದ. ಅವನಿಗೆ ಅದೇ ದೊಡ್ಡದಾಯಿತು.

ಆಮೇಲೆ ಕೆಲಸ ಸಲೀಸು. ಆ ನಕಲನ್ನೇ ಹಚ್ಚಿ, ಡಿಸ್ಚಾರ್ಜ್ ಬುಕ್ಕಿನ ನಂಬರ್ ಇರುವ ಪುಟ ಸೇರಿಸಿ, ಅಂಕಿ ತಿದ್ದಿ ಪದಕ ನಮೂದಿಸಿ ಅಂತ ಮತ್ತೆ ಸೈನಿಕ ಬೋರ್ಡ್ ಮುಖಾಂತರವೇ ಅರ್ಜಿ. ಒಪ್ಪದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ ಅಂತ ಯಾರೋ ಹೇಳಿದ್ದರು. ಅಲ್ಲಿಗೆ ಹೋಗುವ ಗತಿ ಬರಲಿಲ್ಲ. 2023ರ ಕೊನೆಗೆ ತಿದ್ದುಪಡಿ ಆದ ಪತ್ರ ಬಂತು. ಅವ್ವನ ಹೆಸರು, ತಾರೀಖು ಸೇರಿಸಿದ ಹೊಸ ಪಿಪಿಓ ಅದಕ್ಕಿಂತ ಮುಂಚೆಯೇ ಸ್ಪರ್ಶ್‌ನಲ್ಲಿ ಬಂದಿತ್ತು.

ಪದಕವನ್ನು ಆಮೇಲೆ ಕಳಿಸುತ್ತೇವೆ ಅಂದಿದ್ದಾರೆ, ಇನ್ನೂ ಬಂದಿಲ್ಲ. ಅಪ್ಪ ಕಾಯಲಿಲ್ಲ. ಬೆಳಗಾವಿ ಕ್ಯಾಂಪಿನ ಮಿಲಿಟರಿ ಸಾಮಾನಿನ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗಿ ಹೊಸ ರಿಬ್ಬನ್ ಪಟ್ಟಿ ಹೊಲಿಸಿದ. ಅಂಗಡಿಯವನು ಏನೂ ಕೇಳಲಿಲ್ಲ. ಆದರೂ ಅಪ್ಪ ಜೇಬಿನಿಂದ ಆ ಪತ್ರ ತೆಗೆದು, ಬಿಡಿಸಿ, ಅವನ ಮುಂದೆ ಇಟ್ಟ. ಜನವರಿ 26ಕ್ಕೆ ಊರ ಶಾಲೆಯಲ್ಲಿ ಅದನ್ನು ಹಾಕಿಕೊಂಡು ನಿಂತ. ಈಗ ಪೋಸ್ಟ್‌ಮನ್‌ಗೆ ತನ್ನ ಫೋನ್ ನಂಬರ್ ಬರೆದುಕೊಟ್ಟಿದ್ದಾನೆ. ಅಂಕಿಗಳನ್ನು ಎರಡು ಸಲ ಓದಿಸಿ.